ಹಾಳೆ ತಿದ್ದಿದರೆ ಸಾಲದು, ಮೊಳೆ ತಿದ್ದಿ!

ಅಚ್ಚುಕೂಟದವರಿಗೆಲ್ಲ ಗೊತ್ತಿರುವ ಒಂದು ಸಂಗತಿಯಿಂದ ಶುರು ಮಾಡುತ್ತೇನೆ. ಮೊಳೆ ಜೋಡಿಸುವಾಗ ಒಂದು ಅಕ್ಷರ ತಪ್ಪಿತು ಅಂತಿಟ್ಟುಕೊಳ್ಳಿ. ಸಾವಿರ ಪ್ರತಿ ಒತ್ತಿದರೆ ಸಾವಿರದಲ್ಲೂ ಆ ತಪ್ಪು ಇರುತ್ತದೆ. ಮುದ್ರಾರಾಕ್ಷಸ ಒಮ್ಮೆ ಹುಟ್ಟಿದರೆ ಸಾವಿರ ತಲೆ ಹೊತ್ತುಕೊಂಡೇ ಹುಟ್ಟುತ್ತಾನೆ! ಆಗ ಅಚ್ಚಾದ ಹಾಳೆಗಳನ್ನು ಗುಡ್ಡೆ ಹಾಕಿಕೊಂಡು ಒಂದೊಂದನ್ನೇ ಪೆನ್ನಿನಿಂದ ತಿದ್ದುತ್ತ ಕೂತರೆ ನೋಡಿದವರು ನಗುತ್ತಾರೆ. ಕೆಲಸ ಬಲ್ಲವನು ಮಿಷನ್ ನಿಲ್ಲಿಸುತ್ತಾನೆ, ತಪ್ಪಿದ ಮೊಳೆ ಕಿತ್ತು ಸರಿಯಾದ ಮೊಳೆ ಕೂರಿಸುತ್ತಾನೆ, ಪ್ರೂಫ್ ತೆಗೆದು ನೋಡುತ್ತಾನೆ, ಆಮೇಲೆ ಒತ್ತುತ್ತಾನೆ. ಆಫ್‌ಸೆಟ್ ಬಂದ ಮೇಲೆ ಮೊಳೆ ಹೋಗಿ ಪ್ಲೇಟು ಬಂತು. ನ್ಯಾಯ ಮಾತ್ರ ಅದೇ ಉಳಿಯಿತು.

ಈ ನ್ಯಾಯವನ್ನು ಇವತ್ತು ನಮ್ಮ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಸಾಫ್ಟ್‌ವೇರ್ ಹುಡುಗ ಹುಡುಗಿಯರ ಮುಂದೆ ಇಡಬೇಕಾಗಿದೆ. ಏಕೆಂದರೆ ಅವರು ದಿನಾ ಓದುವ ಕೈಪಿಡಿಗಳೂ ಒಂದು ಬಗೆಯ ಅಚ್ಚುಕೂಟದಿಂದಲೇ ಹೊರಗೆ ಬರುತ್ತವೆ. ಅಲ್ಲಿ ಕಂಪೋಸಿಟರ್ ಇಲ್ಲ, ಪ್ರೂಫ್ ರೀಡರ್ ಇಲ್ಲ. ಯಂತ್ರವೇ ಕೈಪಿಡಿ ಬರೆಯುತ್ತದೆ. ಅದರಲ್ಲಿ ತಪ್ಪಿದ್ದರೆ ತಿದ್ದುವವರು ಯಾರು? ಅದೇ ಈ ವಾರದ ಪ್ರಶ್ನೆ.

ನಾನು ಪಿಯುಸಿ ಮುಗಿಸಿ ಅಚ್ಚುಕೂಟಕ್ಕೆ ಬಂದವನು. ನನಗೆ ಸಾಫ್ಟ್‌ವೇರ್ ಬರೆಯಲು ಬಾರದು. ಆದರೆ ಪ್ರೂಫ್ ಓದಲು ಬರುತ್ತದೆ. ಈ ಲೇಖನಕ್ಕೆ ಅಷ್ಟು ಸಾಕು ಎಂದು ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ಯಂತ್ರ ಕೈಪಿಡಿ ಬರೆಯುವುದು ಹೇಗೆ?

ಲೈಬ್ರರಿ ಎಂದರೆ ಬೇರೆಯವರು ಬರೆದಿಟ್ಟ ಕೋಡ್. ದುಡ್ಡಿನ ಲೆಕ್ಕ, ಚಿತ್ರ ತೋರಿಸುವುದು, ಅಕ್ಷರ ಮೂಡಿಸುವುದು, ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ಲೈಬ್ರರಿ. ಅದರೊಳಗೆ ನೂರಾರು, ಕೆಲವೊಮ್ಮೆ ಸಾವಿರಾರು ಫಂಕ್ಷನ್‌ಗಳು. ಯಾವ ಫಂಕ್ಷನ್‌ಗೆ ಏನು ಕೊಡಬೇಕು, ಅದು ಏನು ವಾಪಸ್ ಕೊಡುತ್ತದೆ, ಯಾವಾಗ ಮುನಿಸಿಕೊಂಡು ನಿಲ್ಲುತ್ತದೆ, ಇದನ್ನೆಲ್ಲ ಹೇಳುವುದು ಕೈಪಿಡಿ. ಅಷ್ಟು ಪುಟಗಳನ್ನು ಕೈಯಾರೆ ಬರೆದು, ಕೋಡ್ ಬದಲಾದಾಗಲೆಲ್ಲ ಮತ್ತೆ ಬರೆಯುವುದು ಯಾರಿಂದಾದೀತು?

ಅದಕ್ಕೇ ಒಂದು ಉಪಾಯ ಹೂಡಿದರು. ಕೋಡ್ ಬರೆಯುವವನೇ ಪ್ರತಿ ಫಂಕ್ಷನ್ ಪಕ್ಕದಲ್ಲಿ ನಾಲ್ಕು ಸಾಲಿನ ಟಿಪ್ಪಣಿ ಬರೆಯಲಿ. ಯಂತ್ರ ಬಂದು ಅದನ್ನೆಲ್ಲ ಹೆಕ್ಕಿ ಪುಟ ಕಟ್ಟಲಿ. 1990ರ ದಶಕದಲ್ಲಿ ಜಾವಾ ಭಾಷೆಯ ಜೊತೆಗೇ ಜಾವಾಡಾಕ್ ಬಂತು. 1997ರಲ್ಲಿ ಡಿಮಿಟ್ರಿ ವಾನ್ ಹೀಶ್ ಅವರ ಡಾಕ್ಸಿಜನ್ ಬಂತು. 2008ರಲ್ಲಿ ಗಿಯಾರ್ಗ್ ಬ್ರಾಂಡ್ಲ್ ಪೈಥಾನ್ ಭಾಷೆಯ ಕೈಪಿಡಿಗೆಂದು ಸ್ಫಿಂಕ್ಸ್ ಹೊರತಂದರು. ಪೈಥಾನ್‌ನಲ್ಲಿ ಆ ಟಿಪ್ಪಣಿಗೆ ಡಾಕ್‌ಸ್ಟ್ರಿಂಗ್ ಎಂದು ಹೆಸರು.

ಉಪಾಯ ಒಳ್ಳೆಯದೇ. ಆದರೆ ಯಂತ್ರ ನಿಜವಾಗಿ ಬಲ್ಲದ್ದೇನು ನೋಡಿ. ಫಂಕ್ಷನ್‌ನ ಹೆಸರು, ಅದಕ್ಕೆ ಕೊಡಬೇಕಾದ ಪ್ಯಾರಾಮೀಟರ್‌ಗಳ ಹೆಸರು, ಇವನ್ನು ಅದು ಕೋಡಿನಿಂದ ತಾನೇ ಓದಿಕೊಳ್ಳುತ್ತದೆ. ಅದರಲ್ಲಿ ಸಾಮಾನ್ಯವಾಗಿ ತಪ್ಪಾಗುವುದಿಲ್ಲ. ವಿವರಣೆಯನ್ನು ಮಾತ್ರ ಟಿಪ್ಪಣಿಯಿಂದ ಹಾಗೇ ಎತ್ತಿ ಇಡುತ್ತದೆ. ಅದು ನಿಜವೋ ಸುಳ್ಳೋ ಅದಕ್ಕೆ ಗೊತ್ತಿಲ್ಲ. ಟ್ರೆಡಲ್ ಮಿಷನ್‌ಗೆ 'ಹಾಲು' ಎಂಬುದೂ ಒಂದೇ, 'ಹಾಳು' ಎಂಬುದೂ ಒಂದೇ. ಮೊಳೆ ಇದ್ದಂತೆ ಒತ್ತುತ್ತದೆ, ಅಷ್ಟೇ!

ಇದಕ್ಕೂ ನಮಗೂ ಏನು ಸಂಬಂಧ?

ಕೆಲವರು ಕೇಳಬಹುದು: ಇದೆಲ್ಲ ಕಂಪ್ಯೂಟರ್ ಕಂಪನಿಗಳ ತಲೆನೋವು, ನಮಗೇಕೆ? ಹಾಗಾದರೆ ನಿಮ್ಮ ಜೇಬಿನಲ್ಲಿರುವ ಫೋನನ್ನು ಹೊರಗೆ ತೆಗೆಯಿರಿ. ಆಂಡ್ರಾಯ್ಡ್ ಫೋನಾಗಿದ್ದರೆ ಅದರಲ್ಲಿ 'ಕರ್ನಾಟಕ' ಎಂದು ಟೈಪ್ ಮಾಡಿ ನೋಡಿ. 'ರ್' ಎಂಬ ಸದ್ದು 'ನಾ'ಗಿಂತ ಮೊದಲು ಬರುತ್ತದೆ. ಆದರೆ ಅರ್ಕಾವತ್ತು ನಿಲ್ಲುವುದು 'ನಾ' ಆದ ಮೇಲೆ. ಈ ಹಿಂದುಮುಂದನ್ನು ಸರಿಯಾಗಿ ಕೂರಿಸುವವರು ಯಾರು? ನಮ್ಮ ಕಾಲದಲ್ಲಿ ಕಂಪೋಸಿಟರ್ ಕೂರಿಸುತ್ತಿದ್ದ. ಈಗ ಆ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ಇರಾನ್ ಮೂಲದ ಬೆಹದಾದ್ ಎಸ್ಫಹ್‌ಬೋದ್ ಮುಂದೆ ನಿಂತು ಕಟ್ಟಿದ್ದು. ಹೆಸರೂ ಫಾರ್ಸಿಯದೇ, ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್, ಇವೆಲ್ಲ ಕನ್ನಡದ ಒತ್ತಕ್ಷರ ಕೂರಿಸಲು ಇದನ್ನೇ ನೆಚ್ಚಿಕೊಂಡಿವೆ. ನಿಮ್ಮ ಪ್ರೇಮಪತ್ರದ ಒತ್ತಕ್ಷರವೂ ಅದರ ಕೈಯಿಂದಲೇ ಹಾದು ಬಂದಿರುತ್ತದೆ!

ಈ ಹಾರ್ಫ್‌ಬಜ್‌ನ ಕೈಪಿಡಿಯಲ್ಲಿ ಎರಡು ಭಾಗ. ಪಾಠದಂತೆ ಓದಿಕೊಳ್ಳುವ ಅಧ್ಯಾಯಗಳು ಕೈಬರಹ. ಫಂಕ್ಷನ್‌ಗಳ ಪಟ್ಟಿ ಮಾತ್ರ ಜಿಟಿಕೆ-ಡಾಕ್ ಎಂಬ ಯಂತ್ರ ಕೋಡಿನ ಟಿಪ್ಪಣಿಗಳಿಂದ ಹೆಕ್ಕಿ ಕಟ್ಟಿದ್ದು. ಹಲವು ವರ್ಷ ಆ ಪಟ್ಟಿಯ ಎಷ್ಟೋ ಫಂಕ್ಷನ್‌ಗಳ ಕೆಳಗೆ ವಿವರಣೆಯ ಜಾಗ ಖಾಲಿ ಇತ್ತು. ಹೆಸರಿತ್ತು, ಯಾವ ಆವೃತ್ತಿಯಿಂದ ಬಂತು ಎಂಬ ಸಾಲಿತ್ತು, ಏನು ಮಾಡುತ್ತದೆ ಎಂಬ ಮಾತು ಇರಲಿಲ್ಲ. ಆಮೇಲೆ ಜನ ಕೂತು ಒಂದೊಂದಾಗಿ ತುಂಬಿದರು. ಜಿಟಿಕೆ-ಡಾಕ್ ಒಂದು ಉಪಕಾರ ಮಾಡುತ್ತದೆ: ಯಾವ ಹೆಸರಿಗೆ ವಿವರಣೆ ಇಲ್ಲ, ಶೇಕಡಾ ಎಷ್ಟು ಮುಗಿದಿದೆ ಎಂಬ ಲೆಕ್ಕವನ್ನು ಬರೆದು ಕೊಡುತ್ತದೆ. ಖಾಲಿ ಜಾಗ ಎಲ್ಲಿದೆ ಎಂದು ಯಂತ್ರ ತೋರಿಸುತ್ತದೆ. ತುಂಬಬೇಕಾದವರು ಮನುಷ್ಯರೇ.

ಒಂದು ಸಾಲಿನ ಬೆಲೆ ಎಷ್ಟೆಂದು ಇದೇ ಹಾರ್ಫ್‌ಬಜ್‌ನಿಂದ ಹೇಳುತ್ತೇನೆ. ಕೊಟ್ಟ ಪಠ್ಯ ಯಾವ ಲಿಪಿ, ಯಾವ ಭಾಷೆ ಎಂದು ತಾನೇ ಊಹಿಸುವ ಒಂದು ಫಂಕ್ಷನ್ ಅದರಲ್ಲಿದೆ. ಲಿಪಿಯನ್ನು ಅದು ಪಠ್ಯ ನೋಡಿಯೇ ಹೇಳುತ್ತದೆ. ಭಾಷೆಯನ್ನು ಮಾತ್ರ ಪಠ್ಯ ನೋಡಿ ಹೇಳುವುದಿಲ್ಲ. ಆ ಕಂಪ್ಯೂಟರನ್ನು ಯಾವ ಭಾಷೆಗೆ ಹೊಂದಿಸಿದ್ದಾರೋ ಅದನ್ನೇ ಇಟ್ಟುಕೊಳ್ಳುತ್ತದೆ. ಇಂಗ್ಲಿಷ್‌ಗೆ ಹೊಂದಿಸಿದ ಯಂತ್ರದಲ್ಲಿ ಕನ್ನಡ ಪಠ್ಯ ಕೊಟ್ಟರೆ ಲಿಪಿ ಕನ್ನಡ, ಭಾಷೆ ಇಂಗ್ಲಿಷ್! ನಮ್ಮ ಲಿಪಿಯಲ್ಲಿ ಕನ್ನಡವಷ್ಟೇ ಅಲ್ಲದೆ ತುಳು, ಕೊಂಕಣಿ, ಕೊಡವ ಭಾಷೆಗಳನ್ನೂ ಬರೆಯುತ್ತೇವೆ. ಒಂದು ಭಾಷೆಗೆಂದೇ ಫಾಂಟಿನಲ್ಲಿ ಬೇರೆ ಅಕ್ಷರರೂಪ ಇಟ್ಟಿದ್ದರೆ, ಭಾಷೆ ತಪ್ಪಾಗಿ ಊಹೆಯಾದಾಗ ಆ ರೂಪ ಬಾರದೆ ಹೋಗಬಹುದು. ಹಾರ್ಫ್‌ಬಜ್ ಕೈಪಿಡಿಯಲ್ಲಿ ಈ ಎಚ್ಚರಿಕೆ ಬರೆದಿದ್ದಾರೆ. ಬರೆಯದೇ ಇದ್ದಿದ್ದರೆ? ಆ್ಯಪ್ ಕಟ್ಟುವ ಹುಡುಗ 'ಭಾಷೆಯನ್ನೂ ಸರಿಯಾಗಿ ಊಹಿಸುತ್ತದೆ' ಎಂದೇ ನಂಬುತ್ತಿದ್ದ. ಕಡೆಗೆ ಅಕ್ಷರ ಕೆಟ್ಟಾಗ ಬೈಸಿಕೊಳ್ಳುವುದು ಫಾಂಟು, ಇಲ್ಲವೇ ಪಾಪದ ಕನ್ನಡ!

ತಪ್ಪುಗಳು ಎಷ್ಟು ಬಗೆ?

ಪ್ರೂಫ್ ಓದುವವನು ಮೊದಲು ತಪ್ಪಿನ ಜಾತಿ ಗುರುತಿಸುತ್ತಾನೆ. ಅಕ್ಷರ ಬಿಟ್ಟುಹೋಗಿದೆಯೋ, ಮೊಳೆ ತಲೆಕೆಳಗಾಗಿದೆಯೋ, ಸಾಲು ಎರಡು ಸಲ ಬಂದಿದೆಯೋ. ಯಂತ್ರ ಕಟ್ಟಿದ ಕೈಪಿಡಿಯಲ್ಲೂ ಹೀಗೇ ಜಾತಿಗಳಿವೆ.

ಮೊದಲನೆಯದು, ಹಳಸಿದ ಟಿಪ್ಪಣಿ. ಕೋಡ್ ತಿದ್ದಿದವನು ಪಕ್ಕದ ಟಿಪ್ಪಣಿ ತಿದ್ದಲಿಲ್ಲ. ಪ್ಯಾರಾಮೀಟರ್ ಹೆಸರು ಬದಲಾಯಿತು, ಟಿಪ್ಪಣಿಯಲ್ಲಿ ಹಳೆಯ ಹೆಸರೇ ಉಳಿಯಿತು. ಹೆಸರನ್ನು ಯಂತ್ರ ಕೋಡಿನಿಂದ ತೆಗೆದುಕೊಳ್ಳುತ್ತದೆ, ವಿವರಣೆಯನ್ನು ಟಿಪ್ಪಣಿಯಿಂದ. ಹೀಗಾಗಿ ಒಂದೇ ಪುಟದಲ್ಲಿ ಮೇಲಿನ ಸಾಲು ಒಂದು ಹೇಳಿದರೆ ಕೆಳಗಿನ ಸಾಲು ಇನ್ನೊಂದು ಹೇಳುತ್ತದೆ. ಹೊಸಬ ಯಾವುದನ್ನು ನಂಬಬೇಕು?

ಎರಡನೆಯದು, ನಕಲು ತಪ್ಪು. ಒಂದು ಫಂಕ್ಷನ್‌ನ ಟಿಪ್ಪಣಿ ನಕಲು ಹೊಡೆದು ಪಕ್ಕದ ಫಂಕ್ಷನ್‌ಗೆ ಅಂಟಿಸಿ, ಹೆಸರು ಬದಲಿಸಿ, ಉಳಿದದ್ದನ್ನು ಮರೆತಿರುತ್ತಾರೆ. ಮದುವೆ ಕರೆಯೋಲೆಯಲ್ಲಿ ಹಿಂದಿನ ಗಿರಾಕಿಯ ಛತ್ರದ ವಿಳಾಸ ಉಳಿದುಬಿಟ್ಟ ಹಾಗೆ.

ಮೂರನೆಯದು ಭಲೇ ಮೋಜಿನದು, ಗುರುತಿನ ತಪ್ಪು. ಕೋಡಿನಲ್ಲಿ ಟಿಪ್ಪಣಿ ಸರಿಯಾಗಿಯೇ ಇರುತ್ತದೆ, ಪುಟ ಕಟ್ಟುವಾಗ ಕೆಡುತ್ತದೆ. ಪೈಥಾನ್‌ನಲ್ಲಿ ಬ್ಯಾಕ್‌ಸ್ಲ್ಯಾಷ್ ಗೀಟಿನ ಪಕ್ಕ 'ಎನ್' ಬಂದರೆ ಹೊಸ ಸಾಲು ಎಂದು ಅರ್ಥ. 'ನ್ಯೂ' ಎಂಬ ಗ್ರೀಕ್ ಅಕ್ಷರ ಬರಲೆಂದು ಗಣಿತದವರು ಬ್ಯಾಕ್‌ಸ್ಲ್ಯಾಷ್ ಹಾಕಿ 'ಎನ್', 'ಯು' ಎಂದು ಬರೆಯುತ್ತಾರೆ. ಪೈಥಾನ್ ಅಲ್ಲೇ ಸಾಲು ಮುರಿದು 'ಯು' ಒಂದನ್ನೇ ಉಳಿಸುತ್ತದೆ! ಇದಕ್ಕೆ ಮದ್ದು ಟಿಪ್ಪಣಿ ಶುರುವಾಗುವ ಉದ್ಧರಣ ಚಿಹ್ನೆಯ ಮುಂದೆ 'ಆರ್' ಎಂಬ ಒಂದೇ ಅಕ್ಷರ. ಜಾವಾಡಾಕ್‌ನಲ್ಲಿ ಇನ್ನೊಂದು ತಮಾಷೆ. 'ಸ್ಟ್ರಿಂಗ್‌ಗಳ ಲಿಸ್ಟ್' ಎಂದು ಹೇಳಲು ಸ್ಟ್ರಿಂಗ್ ಎಂಬುದನ್ನು ಚೂಪು ಆವರಣದಲ್ಲಿ ಬರೆಯುತ್ತಾರೆ. ಬ್ರೌಸರ್ ಅದನ್ನು ತನ್ನ ಎಚ್‌ಟಿಎಂಎಲ್ ಗುರುತೆಂದು ತಿಳಿದು ನುಂಗಿಬಿಡುತ್ತದೆ. ಓದುವವನಿಗೆ ಬರೀ 'ಲಿಸ್ಟ್' ಕಾಣುತ್ತದೆ. 2014ರಲ್ಲಿ ಬಂದ ಜಾವಾ 8 ಇಂಥವನ್ನು ಹಿಡಿಯಲು ಡಾಕ್‌ಲಿಂಟ್ ಎಂಬ ಕಾವಲುಗಾರನನ್ನು ಕೂರಿಸಿತು. ಹಳೆಯ ಟಿಪ್ಪಣಿಗಳ ಕೊಳೆಯೆಲ್ಲ ಹೊರಬಿದ್ದು ಎಷ್ಟೋ ಜನರ ಬಿಲ್ಡ್ ನಿಂತುಹೋಯಿತು.

ನಾಲ್ಕನೆಯದು, ಮಾಯವಾದ ಪುಟ. ಸ್ಫಿಂಕ್ಸ್‌ನ ಆಟೋಡಾಕ್ ಟಿಪ್ಪಣಿ ಹೆಕ್ಕಲು ಆ ಕೋಡನ್ನು ನಿಜವಾಗಿಯೂ ಇಂಪೋರ್ಟ್ ಮಾಡಿ ನಡೆಸುತ್ತದೆ. ಆ ಕೋಡಿಗೆ ಬೇಕಾದ ಇನ್ನೊಂದು ಲೈಬ್ರರಿ ಪುಟ ಕಟ್ಟುವ ಯಂತ್ರದಲ್ಲಿ ಇಲ್ಲದಿದ್ದರೆ ಇಡೀ ಅಧ್ಯಾಯವೇ ಖಾಲಿ. ಕೋಡ್ ನಡೆಸಿ ನೋಡುವ ಇದೇ ಚಾಳಿಯಿಂದ ಇನ್ನೊಂದು ಎಡವಟ್ಟು: ಫಂಕ್ಷನ್‌ನ ಡೀಫಾಲ್ಟ್ ಬೆಲೆ 'ಬಳಸುವವರ ಮನೆ ಫೋಲ್ಡರ್' ಎಂದಿದ್ದರೆ, ಪುಟದಲ್ಲಿ ಮೂಡುವುದು ಕೈಪಿಡಿ ಕಟ್ಟಿದವನ ಸ್ವಂತ ಫೋಲ್ಡರಿನ ವಿಳಾಸ!

ಐದನೆಯದು ಎಲ್ಲಕ್ಕಿಂತ ಕೆಟ್ಟದ್ದು, ನಡೆಯದ ಉದಾಹರಣೆ. ಹೊಸಬರು ವಿವರಣೆ ಓದುವುದಿಲ್ಲ, ಉದಾಹರಣೆ ಎತ್ತಿಕೊಂಡು ನಡೆಸಿ ನೋಡುತ್ತಾರೆ. ಅದೇ ಮುಗ್ಗರಿಸಿದರೆ 'ನನ್ನ ತಲೆಯಲ್ಲೇ ದೋಷ' ಎಂದುಕೊಂಡು ಕುಗ್ಗುತ್ತಾರೆ. ಇದಕ್ಕೂ ಮದ್ದಿದೆ. ಟಿಮ್ ಪೀಟರ್ಸ್ ಮಾಡಿದ ಡಾಕ್‌ಟೆಸ್ಟ್ 2001ರಲ್ಲಿ ಪೈಥಾನ್ ಜೊತೆಗೇ ಸಿಗತೊಡಗಿತು. ಟಿಪ್ಪಣಿಯಲ್ಲಿರುವ ಉದಾಹರಣೆಯನ್ನು ನಡೆಸಿ, ಬರೆದಿಟ್ಟ ಉತ್ತರವೇ ಬರುತ್ತದೆಯೇ ಎಂದು ತಾಳೆ ನೋಡುತ್ತದೆ. ಆದರೆ ತಾಳೆ ನೋಡು ಎಂದು ಅದಕ್ಕೆ ಯಾರಾದರೂ ಹೇಳಿರಬೇಕಲ್ಲ!

ತಿದ್ದುವುದು ಎಲ್ಲಿ, ಹೇಗೆ?

ನಮ್ಮ ಬೆಂಗಳೂರಿನ ರಸ್ತೆಗುಂಡಿಯ ಕಥೆ ನಿಮಗೆ ಗೊತ್ತು. ಬಿದ್ದವನು ಬೈದು, ಬಟ್ಟೆ ಕೊಡವಿಕೊಂಡು ಹೋಗುತ್ತಾನೆ. ಸಂಜೆ ಇನ್ನೊಬ್ಬ ಅದರಲ್ಲೇ ಬೀಳುತ್ತಾನೆ. ಕೈಪಿಡಿಯ ತಪ್ಪೂ ಹಾಗೆಯೇ. ರಾತ್ರಿ ಎರಡು ಗಂಟೆಯವರೆಗೆ ಒದ್ದಾಡಿ, ತಪ್ಪು ಕೈಪಿಡಿಯದ್ದೆಂದು ಕಂಡುಕೊಂಡ ಹುಡುಗಿ ತನ್ನ ಕೆಲಸ ಮುಗಿಸಿ ಮಲಗುತ್ತಾಳೆ. ಮರುದಿನ ಇನ್ನೊಂದು ಊರಿನಲ್ಲಿ ಇನ್ನೊಬ್ಬನ ರಾತ್ರಿ ಹಾಳು. ಆಕೆಗೆ ಗೊತ್ತಾಗಿದ್ದು ಆಕೆಯ ತಲೆಯಲ್ಲೇ ಉಳಿಯಿತು. ರಸ್ತೆ ಅಗೆದು ಗುಂಡಿ ಮುಚ್ಚುವ ಹಕ್ಕು ನಮಗಿಲ್ಲ, ಅರ್ಜಿ ಹಾಕಬೇಕು. ಮುಕ್ತ ಲೈಬ್ರರಿಗಳಲ್ಲಿ ಆ ಹಕ್ಕು ನಿಮಗಿದೆ, ಪುಕ್ಕಟೆಯಾಗಿ! ಆದರೂ ಸುಮ್ಮನಿರುವುದೇಕೆ?

ಹಾದಿ ಹೀಗಿದೆ. ಕೈಪಿಡಿಯ ಪುಟದಲ್ಲಿ ಬಹುಮಟ್ಟಿಗೆ 'ಸೋರ್ಸ್' ಎಂಬ ಕೊಂಡಿ ಇರುತ್ತದೆ. ಅದನ್ನು ಹಿಡಿದು ಮೂಲ ಕೋಡಿಗೆ ಹೋಗಿ. ಕೊಂಡಿ ಇಲ್ಲವೇ? ತಪ್ಪು ಸಾಲಿನ ನಾಲ್ಕು ಪದ ತೆಗೆದುಕೊಂಡು ಕೋಡಿನಲ್ಲೆಲ್ಲ ಹುಡುಕಿ. ಸಿಕ್ಕ ಜಾಗದಲ್ಲೇ ತಿದ್ದಿ. ಯಂತ್ರ ಕಟ್ಟಿದ ಎಚ್‌ಟಿಎಂಎಲ್ ಪುಟ ಮುಟ್ಟಬೇಡಿ. ಅಲ್ಲಿ ತಿದ್ದಿದರೆ ಮುಂದಿನ ಸಲ ಯಂತ್ರ ಪುಟ ಕಟ್ಟಿದಾಗ ನಿಮ್ಮ ತಿದ್ದುಪಡಿ ಅಳಿಸಿ, ಹಳೆಯ ತಪ್ಪು ಮತ್ತೆ ಎದ್ದು ಕೂರುತ್ತದೆ. ಹಾಳೆ ತಿದ್ದಿದವನ ಪಾಡು ಇದೇ. ಸಾಲು ಹುಡುಕುವಾಗ ಅದೇ ತಪ್ಪು ಇನ್ನೆಷ್ಟು ಕಡೆ ಇದೆಯೆಂದೂ ನೋಡಿ. ನಕಲು ತಪ್ಪುಗಳು ಒಂಟಿಯಾಗಿ ಇರುವುದು ಕಡಿಮೆ.

ತಿದ್ದಿದ ಮೇಲೆ ನಿಮ್ಮ ಕಂಪ್ಯೂಟರಿನಲ್ಲೇ ಕೈಪಿಡಿ ಕಟ್ಟಿ ನೋಡಿ. ಇದೇ ಪ್ರೂಫ್ ತೆಗೆಯುವುದು. ಸ್ಫಿಂಕ್ಸ್ ಎಚ್ಚರಿಕೆಗಳನ್ನು ಪುಂಖಾನುಪುಂಖವಾಗಿ ಉದುರಿಸುತ್ತದೆ, ಯಾರೂ ಓದುವುದಿಲ್ಲ. 'ಎಚ್ಚರಿಕೆ ಬಂದರೆ ಕೆಲಸ ನಿಲ್ಲಿಸು' ಎಂದು ಹೇಳುವ ಸ್ವಿಚ್ ಅದರಲ್ಲೇ ಇದೆ, ಹಾಕಿಕೊಳ್ಳಿ. ಉದಾಹರಣೆಗಳನ್ನು ಡಾಕ್‌ಟೆಸ್ಟ್‌ನಿಂದ ನಡೆಸಿ. ಆಮೇಲೆ ಗಿಟ್‌ಹಬ್‌ನಲ್ಲೋ ಅವರು ಹೇಳಿದ ಇನ್ನೊಂದು ಜಾಗದಲ್ಲೋ ಪುಲ್ ರಿಕ್ವೆಸ್ಟ್ ಕಳಿಸಿ, ಅಂದರೆ 'ಈ ತಿದ್ದುಪಡಿ ಸೇರಿಸಿಕೊಳ್ಳಿ' ಎಂಬ ಮನವಿ. ಏನು ತಪ್ಪಿತ್ತು, ಸರಿಯಾದದ್ದು ಯಾವುದು, ನಿಮಗೆ ಹೇಗೆ ಗೊತ್ತಾಯಿತು, ಮೂರು ಸಾಲಿನಲ್ಲಿ ಬರೆಯಿರಿ.

ಇನ್ನೊಂದು ಸಂಗತಿ. ತಿದ್ದುಪಡಿ ಸೇರಿದ ಮರುದಿನವೇ ಕೈಪಿಡಿಯಲ್ಲಿ ಕಾಣಲಿಲ್ಲ ಎಂದು ಸಿಟ್ಟಾಗಬೇಡಿ. ಬಹಳಷ್ಟು ಲೈಬ್ರರಿಗಳು 'ಲೇಟೆಸ್ಟ್' ಎಂದೊಂದು, 'ಸ್ಟೇಬಲ್' ಎಂದೊಂದು ಎರಡು ಕೈಪಿಡಿ ಇಟ್ಟಿರುತ್ತವೆ. ನಿಮ್ಮ ಸಾಲು ಮೊದಲು 'ಲೇಟೆಸ್ಟ್'ನಲ್ಲಿ ಕಾಣುತ್ತದೆ, ಹೊಸ ಆವೃತ್ತಿ ಬಿಡುಗಡೆಯಾದ ಮೇಲೆ 'ಸ್ಟೇಬಲ್'ಗೆ ಬರುತ್ತದೆ. ಈ ಆವೃತ್ತಿಯಲ್ಲಿ ತಪ್ಪು, ಮುಂದಿನ ಮುದ್ರಣದಲ್ಲಿ ಸರಿ, ಅಷ್ಟೇ.

ಇಲ್ಲೊಂದು ಜಾಗದಲ್ಲಿ ಬಹಳ ಹುಷಾರಾಗಿರಬೇಕು. ಕೈಪಿಡಿ ಒಂದು ಹೇಳುತ್ತದೆ, ಕೋಡ್ ಇನ್ನೊಂದು ಮಾಡುತ್ತದೆ. ತಪ್ಪು ಯಾರದ್ದು? 'ಕೋಡ್ ಮಾಡುವುದೇ ನಿಜ, ಕೈಪಿಡಿ ಬದಲಿಸೋಣ' ಎಂದು ಆತುರ ಬೀಳಬೇಡಿ. ಎಷ್ಟೋ ಸಲ ಕೈಪಿಡಿ ಹೇಳುವುದೇ ಸರಿ, ಕೆಟ್ಟಿರುವುದು ಕೋಡ್. ಆಗ ಕೈಪಿಡಿ ತಿದ್ದಿದರೆ ಕಳ್ಳನಿಗೆ ಬಾಗಿಲು ತೆಗೆದ ಹಾಗೆ. ದೋಷಕ್ಕೆ ನೀವೇ ಸರ್ಟಿಫಿಕೇಟ್ ಕೊಟ್ಟಿರಿ. ಹಸ್ತಪ್ರತಿಗೂ ಮೊಳೆಗೂ ಹೊಂದದಿದ್ದರೆ ಪ್ರೂಫ್ ರೀಡರ್ ತಾನೇ ತೀರ್ಮಾನ ಮಾಡುವುದಿಲ್ಲ, ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಲೇಖಕನಿಗೆ ಕಳಿಸುತ್ತಾನೆ. ನೀವೂ ಹಾಗೇ ಕೇಳಿ. ಕೋಡಿನ ಹಳೆಯ ಇತಿಹಾಸ ತೆಗೆದು ಯಾವಾಗ, ಏಕೆ ಬದಲಾಯಿತೆಂದು ನೋಡಿ. ಇಷ್ಟು ಮಾಡುವಷ್ಟರಲ್ಲಿ ಆ ಲೈಬ್ರರಿಯ ಒಳಮನೆ ನಿಮಗೆ ಪರಿಚಯವಾಗಿರುತ್ತದೆ. ಅದು ಯಾವ ಕೋಚಿಂಗ್ ಸೆಂಟರಿನಲ್ಲೂ ಸಿಗದ ಪಾಠ.

ಮಾಡಿ ತೋರಿಸಿದವರು

ಇದೆಲ್ಲ ಹೇಳುವುದಕ್ಕೆ ಚೆಂದ, ಮಾಡಿದವರಿದ್ದಾರೆಯೇ? ಇದ್ದಾರೆ.

ಪೈಥಾನ್‌ನಲ್ಲಿ ಅಂಕಿಗಳ ಲೆಕ್ಕ ಮಾಡುವ ನಮ್‌ಪೈ ಎಂಬ ಲೈಬ್ರರಿ ಇದೆ. ಇವತ್ತು ವಿಜ್ಞಾನಿಗಳೆಲ್ಲ ಬಳಸುವಂಥದ್ದು. 2007ರಲ್ಲಿ ಅಮೆರಿಕದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ಖಗೋಳಶಾಸ್ತ್ರದ ಮೇಷ್ಟ್ರು ಜೋಸೆಫ್ ಹ್ಯಾರಿಂಗ್ಟನ್ ಅದನ್ನಿಟ್ಟುಕೊಂಡು ಪಾಠ ಮಾಡಹೊರಟರು. ಕೈಪಿಡಿ ಅರೆಬರೆ ಇದ್ದುದರಿಂದ ವಿದ್ಯಾರ್ಥಿಗಳು ಒದ್ದಾಡಿದರು. ಮೇಷ್ಟ್ರು ಬೈದು ಸುಮ್ಮನಾಗಲಿಲ್ಲ. 2008ರ ಬೇಸಿಗೆಯಲ್ಲಿ ಡಾಕ್‌ಸ್ಟ್ರಿಂಗ್ ಬರೆಯುವ ದೊಡ್ಡ ಕೆಲಸವನ್ನೇ ಹೂಡಿದರು. ಕೋಡ್ ಮುಟ್ಟಲು ಅಂಜುವವರೂ ಬ್ರೌಸರಿನಲ್ಲೇ ಕೂತು ತಿದ್ದಬಹುದಾದ ಒಂದು ಏರ್ಪಾಡು ಮಾಡಿದರು. ಗಮನಿಸಿ, ಅಲ್ಲಿ ತಿದ್ದಿದ್ದು ಪುಟದಲ್ಲೇ ಉಳಿಯುತ್ತಿರಲಿಲ್ಲ, ಪರಿಶೀಲನೆಯಾದ ಮೇಲೆ ಮೂಲ ಕೋಡಿಗೇ ಹೋಗಿ ಸೇರುತ್ತಿತ್ತು. ಪ್ರತಿ ಟಿಪ್ಪಣಿಗೂ ಒಂದು ದರ್ಜೆ: ಬರೆಯಬೇಕಿದೆ, ಬರೆಯುತ್ತಿದ್ದಾರೆ, ಪರಿಶೀಲನೆ ಬೇಕು, ಪ್ರೂಫ್ ಬೇಕು, ಪ್ರೂಫ್ ಆಯಿತು. ನಮ್ಮ ಅಚ್ಚುಕೂಟದ ಪದ್ಧತಿಯೇ ಅಲ್ಲವೇ ಇದು! ಕೋಡ್ ಬಲ್ಲವನು ಬರೆದ, ಇನ್ನೊಬ್ಬ ಓದಿದ, ಮೂರನೆಯವನು ಪ್ರೂಫ್ ನೋಡಿದ.

ಹತ್ತು ವರ್ಷದ ಮೇಲೆ, 2018ರ ಮಾರ್ಚ್ 10ರಂದು, ಪಾಂಡಾಸ್ ಎಂಬ ಇನ್ನೊಂದು ಲೈಬ್ರರಿಯ ಸರದಿ. ಕೋಷ್ಟಕದ ಮಾಹಿತಿ ಸಂಭಾಳಿಸುವ ಈ ಲೈಬ್ರರಿ ಗೊತ್ತಿಲ್ಲದೆ ಡೇಟಾ ಕೆಲಸಕ್ಕೆ ಹೋಗುವವರು ಕಡಿಮೆ. ಅಂದು ಜಗತ್ತಿನ ಹಲವು ಊರುಗಳಲ್ಲಿ ನೂರಾರು ಜನ ಒಂದೇ ದಿನ ಕೂತು ಅದರ ಡಾಕ್‌ಸ್ಟ್ರಿಂಗ್‌ಗಳನ್ನು ತಿದ್ದಿದರು. ಅದಕ್ಕೆಂದೇ ತಪ್ಪು ಹಿಡಿಯುವ ಒಂದು ಸ್ಕ್ರಿಪ್ಟ್ ಬರೆದಿದ್ದರು. ಪ್ಯಾರಾಮೀಟರ್ ವಿವರಣೆ ಬಿಟ್ಟುಹೋಗಿದೆ, ಕೋಡಿನಲ್ಲಿಲ್ಲದ ಪ್ಯಾರಾಮೀಟರ್ ಟಿಪ್ಪಣಿಯಲ್ಲಿದೆ, ಉದಾಹರಣೆ ನಡೆಯುತ್ತಿಲ್ಲ, ಮೊದಲ ವಾಕ್ಯದ ಕೊನೆಗೆ ಚುಕ್ಕೆಯೇ ಇಲ್ಲ, ಹೀಗೆ ಒಂದೊಂದನ್ನೂ ಅದು ಎತ್ತಿ ತೋರಿಸುತ್ತಿತ್ತು. ಚುಕ್ಕೆ ಬಿಟ್ಟದ್ದನ್ನೂ ಹಿಡಿಯುವ ಆ ಸ್ಕ್ರಿಪ್ಟಿಗೆ ಕೆಲಸ ಕೊಡಲು ನಾನಂತೂ ಸಿದ್ಧ! ಒಂದೇ ದಿನದಲ್ಲಿ ಎಲ್ಲ ಮುಗಿಯಲಿಲ್ಲ. ಉಳಿದ ತಪ್ಪುಗಳ ಪಟ್ಟಿಯನ್ನು ಮುಚ್ಚಿಡದೆ ಕೋಡಿನಲ್ಲೇ ಇಟ್ಟರು. 2024ರಲ್ಲೂ ಹೊಸಬರು ಬಂದು ಒಂದೊಂದು ಸಾಲು ತಿದ್ದಿ, ಪಟ್ಟಿಯಿಂದ ಒಂದೊಂದು ಹೆಸರು ಅಳಿಸುತ್ತಿದ್ದರು.

ತಪ್ಪಿಗೆ ಗೌರವ ಕೊಟ್ಟ ಇನ್ನೊಬ್ಬರ ಹೆಸರು ಹೇಳದಿದ್ದರೆ ಮುದ್ರಕನಾಗಿ ನನಗೆ ಪಾಪ ಬಂದೀತು. ಡೊನಾಲ್ಡ್ ಕನೂತ್. ತಮ್ಮ ಪುಸ್ತಕದ ಅಕ್ಷರಜೋಡಣೆ ಕೆಟ್ಟದಾಗಿ ಬಂದದ್ದಕ್ಕೆ 1977ರಲ್ಲಿ ತಾವೇ ಟೆಕ್ ಎಂಬ ಅಕ್ಷರಜೋಡಣೆಯ ಸಾಫ್ಟ್‌ವೇರ್ ಕಟ್ಟಲು ಕೂತ ಮಹಾನುಭಾವ. ಕೋಡ್ ಮತ್ತು ವಿವರಣೆ ಒಂದೇ ಜಾಗದಲ್ಲಿರಬೇಕು ಎಂದು ದಾರಿ ತೋರಿಸಿದವರಲ್ಲೂ ಅವರು ಮುಂಚೂಣಿಯವರು. ತಮ್ಮ ಪುಸ್ತಕದಲ್ಲಿ ತಪ್ಪು ಹುಡುಕಿಕೊಟ್ಟವರಿಗೆ ತಪ್ಪೊಂದಕ್ಕೆ 2.56 ಡಾಲರ್ ಚೆಕ್ ಬರೆದು ಕಳಿಸುತ್ತಿದ್ದರು. ಆ ಚೆಕ್ಕನ್ನು ನಗದು ಮಾಡಿಸದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡವರು ಎಷ್ಟೋ ಜನ.

ಟೀ ಶರ್ಟಿನ ಆಸೆಗೆ ಬೀಳಬೇಡಿ

ಇನ್ನು ಒಂದು ಕಹಿ ಮಾತು. 2020ರ ಅಕ್ಟೋಬರಿನಲ್ಲಿ ಡಿಜಿಟಲ್ ಓಷನ್ ಕಂಪನಿ ನಡೆಸುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಮೇಳದಲ್ಲಿ ಒಂದು ರಾದ್ಧಾಂತವಾಯಿತು. ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದರೆ ಒಂದು ಟೀ ಶರ್ಟ್ ಎಂದಿತ್ತು. ನಮ್ಮ ದೇಶದ ಒಂದು ಯೂಟ್ಯೂಬ್ ಪಾಠ ನೋಡಿದ ಹುಡುಗರು ಕಂಡ ಕಂಡ ಲೈಬ್ರರಿಯ ಪರಿಚಯ ಪುಟದಲ್ಲಿ 'ಅದ್ಭುತ ಪ್ರಾಜೆಕ್ಟ್' ಎಂಬಂಥ ಮಾತು ಸೇರಿಸಿ ರಾಶಿ ರಾಶಿ ಕಳಿಸಿದರು. ರಜೆಯ ದಿನ ಪುಕ್ಕಟೆ ಕೆಲಸ ಮಾಡುವ ಆ ಲೈಬ್ರರಿಗಳ ಯಜಮಾನರಿಗೆ ಕಸ ಗುಡಿಸುವುದೇ ಕೆಲಸವಾಯಿತು. ಮೇಳ ಶುರುವಾಗಿ ಮೂರೇ ದಿನಕ್ಕೆ ನಿಯಮ ಬದಲಿಸಿ, ತಾವಾಗಿ ಒಪ್ಪಿದ ಪ್ರಾಜೆಕ್ಟುಗಳಿಗೆ ಮಾತ್ರ ಎಂದು ಮಾಡಬೇಕಾಯಿತು. ಅಂದಿನಿಂದ ನಮ್ಮ ಕಡೆಯ ಹೆಸರು ಕಂಡರೆ ಹುಬ್ಬು ಗಂಟಿಕ್ಕುವವರಿದ್ದಾರೆ. ಯಾರೋ ಮಾಡಿದ ಪಾಪವನ್ನು ನಿಜವಾಗಿ ಕೆಲಸ ಮಾಡುವ ಹುಡುಗಿ ಹೊರಬೇಕಾಗಿದೆ.

ನಮ್‌ಪೈ ಕೆಲಸದಲ್ಲೂ ಟೀ ಶರ್ಟ್ ಇತ್ತು ನೋಡಿ. ಆದರೆ ಅದು ಸಿಗುತ್ತಿದ್ದುದು ಸಾವಿರ ಪದ ಬರೆದವರಿಗೆ! ಬಟ್ಟೆಯಲ್ಲಿ ದೋಷವಿಲ್ಲ, ಬೇಡಿದ ರೀತಿಯಲ್ಲಿದೆ. ಅಲ್ಪವಿರಾಮ ತೆಗೆದು ಪೂರ್ಣವಿರಾಮ ಹಾಕಿ 'ನಾನೂ ಕೊಡುಗೆ ಕೊಟ್ಟೆ' ಎಂದು ಬಯೋಡೇಟಾದಲ್ಲಿ ಬರೆದುಕೊಳ್ಳುವುದು ಬೇಡ. ನೀವು ಸ್ವತಃ ಎಡವಿದ ಒಂದು ತಪ್ಪನ್ನು ತಿದ್ದಿ. ಒಂದೇ ಸಾಕು.

'ನನಗೆ ಇಂಗ್ಲಿಷ್ ಸರಿಯಾಗಿ ಬರಲ್ಲ'

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗರ ಬಾಯಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. 'ಕೈಪಿಡಿ ಇರುವುದು ಇಂಗ್ಲಿಷಿನಲ್ಲಿ, ಅದನ್ನು ತಿದ್ದಲು ನಾನ್ಯಾರು?' ಎಂದು ಹಿಂದೆ ಸರಿಯುತ್ತಾರೆ. ಮೇಲಿನ ಐದು ಜಾತಿಯ ತಪ್ಪುಗಳನ್ನು ಇನ್ನೊಮ್ಮೆ ಓದಿ. ಅದರಲ್ಲಿ ಇಂಗ್ಲಿಷ್ ವ್ಯಾಕರಣದ ತಪ್ಪು ಎಷ್ಟಿದೆ? ಒಂದೂ ಇಲ್ಲ! ಹಳೆಯ ಹೆಸರು ಉಳಿದದ್ದು, ನಕಲು ಅಂಟಿದ್ದು, ಗುರುತು ಕೆಟ್ಟದ್ದು, ಪುಟ ಮಾಯವಾದದ್ದು, ಉದಾಹರಣೆ ಮುಗ್ಗರಿಸಿದ್ದು. ಇದಕ್ಕೆ ಬೇಕಾದದ್ದು ಕಣ್ಣು ಮತ್ತು ತಾಳ್ಮೆ.

ಅಷ್ಟೇ ಅಲ್ಲ, ಕಷ್ಟಪಟ್ಟು ಓದುವವನೇ ಒಳ್ಳೆಯ ಪ್ರೂಫ್ ರೀಡರ್. ಭಾಷೆ ಸಲೀಸಾಗಿ ಬರುವವನ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುತ್ತದೆ. ಇಲ್ಲದ ಪದವನ್ನೂ ಇದೆ ಎಂದೇ ಓದಿಬಿಡುತ್ತದೆ. ಒಂದೊಂದೇ ಪದ ಹಿಡಿದು ಓದುವವನಿಗೆ ತಪ್ಪು ಕಾಲಿಗೆ ತೊಡರುತ್ತದೆ. ನೀವು ಎಲ್ಲಿ ತಡವರಿಸಿದಿರೋ ಅಲ್ಲಿ ಕೊರಿಯಾದವನೂ, ಬ್ರೆಜಿಲ್‌ನವನೂ ತಡವರಿಸಿರುತ್ತಾನೆ. ಈ ಲೈಬ್ರರಿಗಳನ್ನು ಬಳಸುವವರಲ್ಲಿ ಇಂಗ್ಲಿಷ್ ತಾಯ್ನುಡಿಯಲ್ಲದವರೇ ಲಕ್ಷಾಂತರ. ಸುತ್ತಿ ಬಳಸಿ ಹೇಳಿದ ವಾಕ್ಯವನ್ನು ಎರಡು ಚಿಕ್ಕ ವಾಕ್ಯ ಮಾಡಿ ಕಳಿಸಿದರೆ ಅದೂ ತಿದ್ದುಪಡಿಯೇ. ನಿಮ್ಮ ಇಂಗ್ಲಿಷಿನಲ್ಲಿ ಕಾಲು ಕೊಂಬು ತಪ್ಪಿದರೆ ಪರಿಶೀಲಿಸುವವರು ಸರಿ ಮಾಡುತ್ತಾರೆ. ವಿಷಯ ಸರಿಯಿದ್ದರಾಯಿತು.

ಹೊಸ ಮುದ್ರಾರಾಕ್ಷಸ

ಈಗ ಹೊಸದೊಂದು ಗಾಳಿ ಬೀಸಿದೆ. ಟಿಪ್ಪಣಿಯನ್ನೇ ಎಐ ಬರೆದುಕೊಡುತ್ತದೆ. ಕೋಡ್ ತೋರಿಸಿದರೆ ಸಾಕು, ಕ್ಷಣದಲ್ಲಿ ಸೊಗಸಾದ ಡಾಕ್‌ಸ್ಟ್ರಿಂಗ್ ಸಿದ್ಧ. ಹಳೆಯ ಯಂತ್ರ ಮನುಷ್ಯ ಬರೆದದ್ದನ್ನು ಎತ್ತಿ ಇಡುತ್ತಿತ್ತು, ಇದು ತಾನೇ ಬರೆಯುತ್ತದೆ. ಖಾಲಿ ಜಾಗ ತುಂಬಲು ಇದರಿಂದ ಸಹಾಯವಾಗುತ್ತದೆ, ಇಲ್ಲವೆನ್ನುವುದಿಲ್ಲ. ಅಪಾಯ ಇರುವುದು ಬೇರೆ ಕಡೆ. ಖಾಲಿ ಜಾಗ ನೋಡಿದರೆ 'ಇಲ್ಲಿ ಏನೂ ಇಲ್ಲ' ಎಂದು ಓದುವವನಿಗೆ ತಿಳಿಯುತ್ತದೆ. ಸೊಗಸಾದ ಸುಳ್ಳು ಹಾಗೆ ತಿಳಿಯುವುದಿಲ್ಲ. 'ತಪ್ಪು ಬೆಲೆ ಕೊಟ್ಟರೆ ಈ ಫಂಕ್ಷನ್ ಎಚ್ಚರಿಕೆ ಕೊಡುತ್ತದೆ' ಎಂದು ಅದು ಠೀವಿಯಿಂದ ಬರೆದಿರುತ್ತದೆ. ಕೋಡ್ ತೆಗೆದು ನೋಡಿದರೆ ಅಂಥ ಸಾಲೇ ಇಲ್ಲ! ವ್ಯಾಕರಣ ಶುದ್ಧ, ಚುಕ್ಕೆ ಶುದ್ಧ, ವಿಷಯ ಮಾತ್ರ ಬೊಗಳೆ. ಪಾಂಡಾಸ್‌ನ ಸ್ಕ್ರಿಪ್ಟಿನಂಥವು ಇದನ್ನು ಹಿಡಿಯಲಾರವು. ಪ್ಯಾರಾಮೀಟರ್ ಬಗ್ಗೆ ಬರೆದಿದೆಯೇ ಎಂದು ಅವು ನೋಡುತ್ತವೆ. ಬರೆದದ್ದು ನಿಜವೇ ಎಂದು ಅವಕ್ಕೆ ತಿಳಿಯದು.

ಇನ್ನೊಂದು ಸುತ್ತೂ ಇದೆ. ಕೋಡ್ ಬರೆದುಕೊಡುವ ಎಐಗಳು ಕಲಿತದ್ದು ಇಂಥ ಕೈಪಿಡಿಗಳನ್ನೂ ಓದಿಯೇ. ಇವತ್ತು ತಿದ್ದದೆ ಬಿಟ್ಟ ತಪ್ಪು ನಾಳೆ ಯಾರದೋ ಕಂಪ್ಯೂಟರಿನಲ್ಲಿ ಉತ್ತರವಾಗಿ ಹೊರಬರುತ್ತದೆ. ಮೊದಲು ಸಾವಿರ ಪ್ರತಿಯ ಮಾತಾಡಿದೆ. ಈಗ ಪ್ರತಿಗಳ ಲೆಕ್ಕವೇ ಇಲ್ಲ. ಹಾಗಾಗಿ ಎಐ ಬರೆದ ಟಿಪ್ಪಣಿಯನ್ನು ಕಣ್ಣು ಮುಚ್ಚಿ ಕಳಿಸಬೇಡಿ. ಪ್ರತಿ ವಾಕ್ಯಕ್ಕೂ ಕೋಡಿನಲ್ಲಿ ಆಧಾರ ಹುಡುಕಿ. ಆಧಾರ ಸಿಗದ ವಾಕ್ಯ ಹೊಡೆದುಹಾಕಿ. ಉದಾಹರಣೆ ನಡೆಸಿ ನೋಡಿ. ಯಂತ್ರ ಬರೆದದ್ದನ್ನು ಓದುವ ಮನುಷ್ಯ ಬೇಕು, ಮೊದಲಿಗಿಂತ ಹೆಚ್ಚಾಗಿ ಬೇಕು.

ಗೆಳೆಯರೇ, ಇದಕ್ಕೆ ಧರಣಿ ಬೇಡ, ಚಂದಾ ಬೇಡ. ಈ ತಿಂಗಳಲ್ಲಿ ಒಮ್ಮೆಯಾದರೂ ಯಾವುದಾದರೂ ಕೈಪಿಡಿ ನಿಮ್ಮನ್ನು ದಾರಿ ತಪ್ಪಿಸಿರುತ್ತದೆ. ಆ ಪುಟ ನೆನಪು ಮಾಡಿಕೊಳ್ಳಿ. ಈ ಭಾನುವಾರ ಎರಡು ಗಂಟೆ ಅದಕ್ಕೆ ಕೊಡಿ. ಮೂಲ ಹುಡುಕಿ, ನಡೆಸಿ ನೋಡಿ, ಅನುಮಾನವಿದ್ದರೆ ಕೇಳಿ, ತಿದ್ದಿ ಕಳಿಸಿ. ಒಮ್ಮೆ ಸೇರಿತೆಂದರೆ ಮುಂದೆ ಆ ಪುಟ ತೆರೆಯುವ ಪ್ರತಿಯೊಬ್ಬರಿಗೂ, ಶಿವಮೊಗ್ಗದಲ್ಲಿರಲಿ, ಸಿಯೋಲ್‌ನಲ್ಲಿರಲಿ, ನಿಮ್ಮ ಸಾಲೇ ದಾರಿ ತೋರಿಸುತ್ತದೆ. ಅವರಿಗೆ ನಿಮ್ಮ ಹೆಸರು ಗೊತ್ತಾಗುವುದಿಲ್ಲ. ಪ್ರೂಫ್ ತಿದ್ದಿದವನ ಹೆಸರನ್ನು ಪುಸ್ತಕದಲ್ಲಿ ಯಾರು ಹುಡುಕುತ್ತಾರೆ? ತಪ್ಪಿಲ್ಲದೆ ಓದಿಸಿಕೊಂಡು ಹೋಗುವ ಪುಟವೇ ಅವನ ಸಹಿ.

-ಸಂಪಾದಕ